ಬಾಯಿ ಪಾಸು ಮಾಡಿದ ಪಿಯಾನೊ

ಊರೆಲ್ಲ ಅವರನ್ನು ಬಾಯಿ ಎಂದು ಕರೆಯುತ್ತಿತ್ತು. ನಮ್ಮ ಬೀದರ್ ಕಡೆ ಮರಾಠಿಯ ಗಾಳಿ ಬೀಸುವುದರಿಂದ ಸಾಲೆಯ ಟೀಚರಮ್ಮನಿಗೆ ಬಾಯಿ ಎನ್ನುವುದು ರೂಢಿ. ಕನ್ನಡದಲ್ಲಿ ಆ ಮಾತಿಗಿರುವ ಅರ್ಥ ಎಲ್ಲರಿಗೂ ಗೊತ್ತೇ ಇದೆ. ಇವರ ವಿಷಯದಲ್ಲಿ ಎರಡು ಭಾಷೆಗಳೂ ಸುಳ್ಳಾಡಿರಲಿಲ್ಲ. ಕನ್ಯಾಶಾಲೆಯಲ್ಲಿ ಅವರು ಮಗ್ಗಿ ಹೇಳಿಕೊಡುತ್ತಿದ್ದರೆ ಎದುರಿನ ಕಿರಾಣಿ ಅಂಗಡಿಯವನು ಲೆಕ್ಕ ತಪ್ಪುತ್ತಿರಲಿಲ್ಲವಂತೆ. ನಾನು ಅವರ ಓಣಿಗೆ ಬಾಡಿಗೆಗೆ ಬರುವ ಹೊತ್ತಿಗೆ ಅವರು ನಿವೃತ್ತರಾಗಿದ್ದರು, ದನಿ ಮಾತ್ರ ಇನ್ನೂ ಸರ್ವಿಸಿನಲ್ಲಿತ್ತು.

ಕಳೆದ ತಿಂಗಳು ಭಾಲ್ಕಿಯಿಂದ ಫೋನು ಬಂತು, ಬಾಯಿಯವರು ಹೋದರು ಎಂದು. ತಂಗಿಯ ಮನೆಯಲ್ಲಿ ಬೆಳಗಿನ ಚಹಾ ಕುಡಿದು, "ಸಕ್ಕರಿ ಕಮ್ಮಿ, ನಪಾಸ" ಎಂದು ಒರಗಿದವರು ಏಳಲಿಲ್ಲವಂತೆ. ನನಗೆ ಅಳು ಬಂತು. ಹೆಂಡತಿ ನೀರು ತಂದು ಕೊಟ್ಟಳು. ಸಂಜೆಯ ಹೊತ್ತಿಗೆ ನೋಡಿದರೆ ನಾನು ಅವಳಿಗೆ ಪಿಯಾನೊ ವಾರದ ಕಥೆಯನ್ನು ಇನ್ನೊಮ್ಮೆ ಹೇಳುತ್ತಿದ್ದೆ, ಇಬ್ಬರೂ ಕಣ್ಣೊರೆಸಿಕೊಂಡು ನಗುತ್ತಿದ್ದೆವು. ಅವರನ್ನು ನೆನೆದರೆ ನನಗೆ ಹೀಗೇ ಆಗುತ್ತದೆ, ಮೈಯಲ್ಲಿ ಒಂದು ಹುರುಪು ಏಳುತ್ತದೆ.

ಪಾಸು, ನಪಾಸು ಇವೆರಡೂ ಅವರ ನಾಲಿಗೆಯ ಮೇಲೆ ಸದಾ ಸಿದ್ಧ. ಹೋಟೆಲಿನ ರೊಟ್ಟಿ, ಬಸ್ಸಿನ ಡ್ರೈವರು, ಚರ್ಚಿನ ಪಾಸ್ಟರ ಪ್ರಸಂಗ, ಮೃಗಶಿರ ಮಳೆ, ಯಾವುದೂ ಅವರ ಪರೀಕ್ಷೆಗೆ ಕೂರದೆ ದಾಟುವಂತಿರಲಿಲ್ಲ. ನನ್ನ ಸ್ಕೂಟರು ಪ್ರತಿ ವರ್ಷ ನಪಾಸು. ನಾನು ಮದುವೆಯಾಗಿ ಹೆಂಡತಿಯನ್ನು ಕರೆತಂದಾಗ ಬಾಯಿಯವರು ಬಂದು ಅವಳ ಕೈಯ ಎಣ್ಣೆಗಾಯಿ ಉಂಡು ಕೈ ತೊಳೆದುಕೊಂಡು ಫಲಿತಾಂಶ ಹೇಳಿದರು: "ಹುಡುಗಿ ಪಾಸು. ಹುಡುಗಗ ಗ್ರೇಸ್ ಮಾರ್ಕು ಕೊಟ್ಟು ದಾಟಿಸೋಣು." ಇದಕ್ಕೂ ಮೇಲಿನ ಒಂದು ಹೊಗಳಿಕೆ ಅವರಲ್ಲಿತ್ತು, ಬಹಳ ಅಪರೂಪಕ್ಕೆ ಹೊರಬರುತ್ತಿತ್ತು: "ಮುಂದಿನ ಕ್ಲಾಸಿಗೆ ಹಾಕ್ರಿ!" ಅದನ್ನು ಕೇಳಿದವರು ಓಣಿಯಲ್ಲಿ ಕೆಲವರೇ. ನಾನು ಕೇಳಿರಲಿಲ್ಲ.

ಭಾನುವಾರ ಚರ್ಚಿನಲ್ಲಿ ಹಾಡಿಗೆ ಕಾಲಪೇಟಿ ಬಾರಿಸುವವರು ಇವರೇ. ಕಾಲಪೇಟಿ ಎಂದರೆ ಎರಡೂ ಕಾಲಿನಿಂದ ತುಳಿದು ಗಾಳಿ ತುಂಬಿಸಿ ನುಡಿಸುವ, ಮೇಜಿನಷ್ಟು ದೊಡ್ಡ ಹಾರ್ಮೋನಿಯಂ. ಮಿಷನ್ ಕಾಲದಲ್ಲಿ ಹಡಗು ಹತ್ತಿ ಬಂದದ್ದು. ಬಾಯಿಯವರು ಕೂರುವ ಮೊದಲು ಎಡಗೈಯ ಬಳೆ ತೆಗೆದು ಅದರ ಮೇಲಿಡುವರು, ಮುಗಿದ ಮೇಲೆ ಮತ್ತೆ ತೊಡುವರು. ಬಳೆ ತೊಟ್ಟರೆಂದರೆ ಆರಾಧನೆ ಮುಗಿಯಿತು ಎಂದು ಹಿಂದಿನ ಸಾಲಿನವರು ಚಪ್ಪಲಿ ಹುಡುಕಲು ಶುರು ಮಾಡುತ್ತಿದ್ದರು.

ಆ ಕಾಲಪೇಟಿಗೆ ಗಾಳಿ ಊದುವ ತೊಗಲಿನ ತಿದಿಯನ್ನು ಒಂದು ಮಳೆಗಾಲದಲ್ಲಿ ಇಲಿಗಳು ತಿಂದು ಮುಗಿಸಿದವು. ಎಷ್ಟು ತುಳಿದರೂ ಉಸಿರು ನಿಲ್ಲದು. ಕಮಿಟಿ ಕೂತಿತು. ಸೆಕ್ರೆಟರಿ ಸಾಹೇಬರು ಆರೋಗ್ಯ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು, ಸಜ್ಜನರು, ಯಾವ ಕೆಲಸವೂ ಸುಲಭವಾಗಬೇಕು ಎನ್ನುವವರು. ಅವರೊಂದು ಸಣ್ಣ ಕೀಬೋರ್ಡು ನೋಡಿ ಬಂದಿದ್ದರು. ಪೆನ್‌ಡ್ರೈವ್ ಸಿಕ್ಕಿಸಿದರೆ ಗೀತೆಗಳೆಲ್ಲ ತಾವೇ ಬರುತ್ತವೆ, ತಬಲಾ ಸಮೇತ.

"ಗುಂಡಿ ಒತ್ತಿದ್ರ ಆಯ್ತು. ಮನುಷ್ಯಾನ ದರಕಾರೇ ಇಲ್ಲರಿ" ಎಂದರು ಸಾಹೇಬರು ಸಂತೋಷದಿಂದ.

"ಹಂಗಾರ ಪ್ರಾರ್ಥನಾನೂ ಅದರಾಗೇ ತುಂಬಿಸಿ ಬಿಡ್ರಿ ಸಾಹೇಬ್ರ. ನಾವೆಲ್ಲ ಮನ್ಯಾಗ ಮಲಗ್ತೇವಿ" ಎಂದರು ಬಾಯಿಯವರು.

ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. ಆದರೆ ನಕ್ಕು ಮುಗಿಸಿ ಒಂದು ಪ್ರಶ್ನೆ ಕೇಳಿದರು: "ನೀವು ಇರೋತನಕ ನೀವು ಬಾರಿಸ್ತೀರಿ, ಖರೇ. ನಿಮ್ಮ ಹಿಂದ ಯಾರರಿ?"

ಬಾಯಿಯವರ ಬಾಯಿ ಮುಚ್ಚಿದ್ದನ್ನು ಊರು ನೋಡಿದ್ದು ಅಂದೇ. ಪೆನ್‌ಡ್ರೈವು ಒಮ್ಮೆ ಬಂದು ಕೂತರೆ ಆ ಬೆಂಚಿನ ಮೇಲೆ ಮುಂದೆಂದೂ ಒಬ್ಬ ಮನುಷ್ಯ ಕೂರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಬಳೆ ತಿರುಗಿಸುತ್ತಾ ಒಂದು ಮಾತು ಕೇಳಿಕೊಂಡರು. ಬೆರಳಿಟ್ಟು ಬಾರಿಸುವ ಒಳ್ಳೆಯ ಪೇಟಿಯೊಂದನ್ನು ಮೊದಲು ಪರೀಕ್ಷೆ ಮಾಡೋಣ, ಜನ ಬೇಡವೆಂದರೆ ನಿಮ್ಮ ಗುಂಡಿಯೇ ಬರಲಿ.

ಇಲ್ಲಿ ನನ್ನ ಪ್ರವೇಶ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು, ಯಂತ್ರಗಳ ಹುಚ್ಚ. ನಮ್ಮ ಮನೆ ಬುದ್ಧವಿಹಾರಕ್ಕೆ ನಡೆದುಕೊಳ್ಳುವ ಮನೆ, ಹಾಗಾಗಿ ಚರ್ಚಿನ ಯಾವ ಬಣಕ್ಕೂ ಸೇರಿದವನಲ್ಲ ಎಂದು ಕಮಿಟಿ ನನ್ನನ್ನು ತಜ್ಞನನ್ನಾಗಿ ಮಾಡಿತು. ಅವರು ಕೇಳಿದ ರಾತ್ರಿಯಿಂದಲೇ ನನಗೆ ಊಟ ಸೇರಲಿಲ್ಲ. ಅಂತರ್ಜಾಲದಲ್ಲಿ ಸಿಕ್ಕಿದ ವಿಮರ್ಶೆಗಳನ್ನೆಲ್ಲ ಓದಿದೆ, ಯಾರು ಯಾರೋ ನುಡಿಸಿದ ವಿಡಿಯೋಗಳನ್ನೆಲ್ಲ ನೋಡಿದೆ. ಡಿಜಿಟಲ್ ಪಿಯಾನೊಗಳಲ್ಲೇ ಮೇಲ್ದರ್ಜೆಯದೊಂದನ್ನು ಆರಿಸಿದೆ. ಬೆರಳಿಟ್ಟು ಒತ್ತುವ ಕಪ್ಪು ಬಿಳಿ ಪಟ್ಟಿಗಳಿಗೆ ನಮ್ಮಲ್ಲಿ ಮನೆ ಎನ್ನುತ್ತಾರೆ, ಅಂಥ ಎಂಬತ್ತೆಂಟು ಮನೆ, ಒಳಗೆ ಮರದ ಸನ್ನೆಕೋಲು, ಒತ್ತಿದರೆ ತಂತಿ ಬಡಿಯುವ ನಿಜವಾದ ಸುತ್ತಿಗೆ ಎದ್ದಂಥ ಭಾರ, ದನಿಯೆಲ್ಲ ಯಾವುದೋ ದೇಶದ ದೊಡ್ಡ ಪಿಯಾನೊದಿಂದ ಸ್ವರಸ್ವರವೂ ಹಿಡಿದು ತುಂಬಿದ್ದು. ಮೇಲಾಗಿ ಪೋರ್ಟಬಲ್, ಬ್ಯಾಟರಿಯಿಂದಲೂ ನಡೆಯುತ್ತದೆ. ಹೈದರಾಬಾದಿನ ಅಂಗಡಿಯವರು, ಒಂದು ವಾರ ಇಟ್ಟು ನೋಡಿ, ಹಿಡಿಸದಿದ್ದರೆ ಮರಳಿಸಿ ಎಂದರು. ನನಗೇ ಮದುವೆ ಗೊತ್ತಾದಂತೆ ಕುಣಿದೆ.

ಜಾಗ ಅಳೆಯಲೆಂದು ಒಂದು ಸಂಜೆ ಚರ್ಚಿಗೆ ಹೋದೆ. ಒಳಗೆ ಬಾಯಿಯವರ ದನಿ ಕೇಳಿಸುತ್ತಿತ್ತು, ಲಾ ಲಾ ಲಾ ಎಂದು. ಇಣುಕಿದರೆ ಸತ್ತ ಕಾಲಪೇಟಿಯ ಮುಂದೆ ಒಬ್ಬ ಯುವತಿ ಕೂತು ಬೆರಳಾಡಿಸುತ್ತಿದ್ದಾಳೆ. ಪೇಟಿಯಿಂದ ಒಂದಿಷ್ಟೂ ಸದ್ದಿಲ್ಲ, ಅವಳು ಒತ್ತಿದ ಸ್ವರವನ್ನೆಲ್ಲ ಬಾಯಿಯವರು ಪಕ್ಕದಲ್ಲಿ ನಿಂತು ತಾವೇ ಹಾಡುತ್ತಿದ್ದಾರೆ. ಅವಳು ತಪ್ಪು ಮನೆ ಒತ್ತಿದರೆ ಇವರೂ ತಪ್ಪು ಸ್ವರವನ್ನೇ ಹಾಡುತ್ತಾರೆ, ಮುಖ ಹಿಂಡಿಕೊಂಡು. ಇಬ್ಬರಿಗೂ ತಲೆ ಕೆಟ್ಟಿದೆ ಎಂದುಕೊಂಡೆ.

"ಇಕಿ ಕರುಣಾ, ಭಾತಂಬ್ರಾದಾಕಿ. ದವಾಖಾನಿದಾಗ ನರ್ಸ್. ಡ್ಯೂಟಿ ಮುಗಿಸಿ ಕಲೀಲಿಕ್ಕ ಬರ್ತಾಳ" ಎಂದರು.

"ಪೇಟಿ ಸತ್ತದಲ್ರಿ ಬಾಯಿ?"

"ಪೇಟಿ ಸತ್ತದ. ನಾ ಸತ್ತೇನೇನು?"

ಕರುಣಾ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಸೆಕ್ರೆಟರಿ ಸಾಹೇಬರಿಗೆ ಈ ಹುಡುಗಿಯ ಹೆಸರು ಹೇಳಬಹುದಿತ್ತಲ್ಲ ಎಂದೆ. "ಕಾಯಿ ಇದ್ದಾಗ ಹಣ್ಣು ಅಂತ ಮಾರಬಾರದ್ರಿ" ಎಂದರು, ಮತ್ತು ಆ ವಿಷಯ ಹೊರಗೆ ಆಡಕೂಡದೆಂದು ನನ್ನಿಂದ ಮಾತು ತೆಗೆದುಕೊಂಡರು.

ಪಿಯಾನೊ ಬಂತು. ಕರಿಯ ಚೀಲದಲ್ಲಿ, ಬಸ್ಸಿನ ಹೊಟ್ಟೆಯೊಳಗೆ ಮಲಗಿಕೊಂಡು. ಬಾಯಿಯವರ ಪಡಸಾಲೆಯಲ್ಲಿ ಬಿಚ್ಚಿದೆವು. ವೈರು ಸಿಕ್ಕಿಸಲು ಹೋದೆ. ಅವರು ತಡೆದರು.

"ಕರೆಂಟ್ ಬ್ಯಾಡ. ಮೊದಲು ಮೂಕ ಇದ್ದಾಗ ಹ್ಯಾಂಗದ ನೋಡಬೇಕರಿ. ಮಾತಾಡ್ಲಕತ್ತಿದ್ರ ಎಲ್ಲಾರೂ ಛಲೋನೇ ಕಾಣ್ತಾರ."

ಬಳೆ ತೆಗೆದು ಅದರ ಮೇಲಿಟ್ಟರು. ಕಣ್ಣು ಮುಚ್ಚಿ ಒಂದು ಇಡೀ ಗೀತೆಯನ್ನು ಸತ್ತ ಪಿಯಾನೊದ ಮೇಲೆ ಬಾರಿಸಿದರು. ಟಪಟಪ ಎಂದು ಮರದ ಮೆಲು ಸದ್ದು ಬಿಟ್ಟರೆ ಏನೂ ಇಲ್ಲ. ಒಂದು ಮನೆಯನ್ನು ಅರ್ಧ ಒತ್ತಿ ನಿಲ್ಲಿಸಿದರು, ಮತ್ತೆ ಒತ್ತಿದರು, ಮತ್ತೆ ನಿಲ್ಲಿಸಿದರು. ನಿಜವಾದ ಪಿಯಾನೊದಲ್ಲಿ ಸುತ್ತಿಗೆ ಜಾರುವ ಕಡೆ ಬೆರಳಿಗೆ ಒಂದು ಸಣ್ಣ ತಡೆ ಸಿಗುತ್ತದಂತೆ. ಅದು ಸಿಕ್ಕಿತ್ತು. ಕಣ್ಣು ತೆರೆದರು.

"ವಜನ ಅದ" ಎಂದರು. "ಕೈಗೆ ಎದುರು ಮಾತಾಡ್ತದ. ಪಾಸು. ಈಗ ಹಚ್ಚ್ರಿ ಕರೆಂಟ್."

ಹಚ್ಚಿದೆ. ಅವರು ಒಂದೇ ಒಂದು ಸ್ವರ ಒತ್ತಿದರು. ಅಬ್ಬಾ, ಆ ದನಿ! ಪಡಸಾಲೆಯ ಗೋಡೆಗಳು ಹಿಂದೆ ಸರಿದು ಜಾಗ ಕೊಟ್ಟ ಹಾಗಾಯಿತು. ನಾನು ಚಪ್ಪಾಳೆ ಹೊಡೆಯುವುದರಲ್ಲಿದ್ದೆ. ಬಾಯಿಯವರು ಬಿಸಿ ತವೆ ಮುಟ್ಟಿದಂತೆ ಕೈ ಹಿಂದೆಳೆದುಕೊಂಡರು.

"ಅಯ್ಯ! ಇದ್ಯಾಕ ಇಷ್ಟು ಮ್ಯಾಲಿಂದ ಮಾತಾಡ್ತದ? ಸ್ವರ ತಪ್ಪ್ಯಾದ!"

ನಾನು ಫೋನಿನಲ್ಲಿ ಶ್ರುತಿ ಅಳೆಯುವ ಆ್ಯಪ್ ತೆಗೆದು ತೋರಿಸಿದೆ, ಜಗತ್ತೆಲ್ಲ ಒಪ್ಪಿದ ಸ್ವರಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದು. ಅವರು ಕನ್ನಡಕ ಏರಿಸಿ ನೋಡಿದರು.

"ಫೋನೂ ಹೈದರಾಬಾದಿಂದ ಬಂದದ್ದು, ಪೇಟಿನೂ ಹೈದರಾಬಾದಿಂದ ಬಂದದ್ದು. ಒಂದೇ ಊರಿನವ್ರು ಒಬ್ಬರಿಗೊಬ್ಬರು ಸಾಕ್ಷಿ ಹೇಳಿದ್ರ ಹ್ಯಾಂಗ ನಂಬೋದ್ರಿ?"

ಸಂಜೆ ಚರ್ಚಿನಲ್ಲಿ ಹಾಡುವ ಗುಂಪಿನ ಅಭ್ಯಾಸವಿತ್ತು, ಪಿಯಾನೊವನ್ನು ಅಲ್ಲಿಗೆ ಒಯ್ದೆವು. ಬಾಯಿಯವರು ಬಾರಿಸಿದರು, ಎಲ್ಲರೂ ಎತ್ತಿಕೊಂಡರು. ಎರಡನೆಯ ಸಾಲಿಗೆ ಹಿರಿಯರ ಕುತ್ತಿಗೆಯ ನರ ಉಬ್ಬಿದವು. ಮೂರನೆಯ ಸಾಲಿಗೆ ಸೆಕ್ರೆಟರಿ ಸಾಹೇಬರು ಕೆಮ್ಮುತ್ತಾ ಕೂತುಬಿಟ್ಟರು. ಬಾಯಿಯವರು ಒಂದು ಮನೆ ಕೆಳಗಿಳಿದು ಬಾರಿಸಿ ನೋಡಿದರು. ಇನ್ನೂ ಎತ್ತರ. ಎರಡು ಮನೆ ಇಳಿದರು. ಈಗ ಎಲ್ಲರೂ ಬಾವಿಯೊಳಗೆ ನಿಂತು ಹಾಡಿದ ಹಾಗೆ. ನಡುವೆ ಎಲ್ಲೂ ಜಾಗವಿಲ್ಲ.

"ಪೇಟಿ ಛಲೋ ಅದ ಬಾಯಿ" ಎಂದರು ಸಾಹೇಬರು, ಮೆತ್ತಗೆ. "ಆದ್ರ ನಮ್ಮದಲ್ಲ ನೋಡ್ರಿ."

ಬಾಯಿಯವರು ಬಳೆ ತೊಟ್ಟುಕೊಂಡರು. ನಾನು ಪಿಯಾನೊ ಹೊತ್ತು ಅವರ ಹಿಂದೆ ನಡೆದೆ. ನನಗೆ ನನ್ನ ಕೂಸನ್ನೇ ಬೈದಂತಾಗಿತ್ತು. ಮನೆಯ ಮುಂದೆ ನಿಂತು ಅವರು ಕೇಳಿದ್ದು ಇಷ್ಟೇ: "ನಿಮ್ಮ ಅಣ್ಣನ ಕೂಸಿಗಿ ತೊಟ್ಟಲಾ ಹಾಕೋದು ಯಾವಾಗರಿ?"

ಮರುದಿನವೇ ಇತ್ತು, ನಮ್ಮೂರು ಠಾಣಾ ಕುಶನೂರಿನಲ್ಲಿ. ಕರೆದಿದ್ದೆವು, ಬರುತ್ತೇನೆ ಎಂದಿದ್ದರು.

"ಇದನ್ನೂ ಒಯ್ಯೋಣು. ಪೋರ್ಟಬಲ್ ಅಂತಾರಲ್ಲ? ಪೋರ್ಟಬಲ್ ಅಂದ್ರ ಬಸ್ಸು ಹತ್ತಬೇಕು. ಪರೀಕ್ಷಾ ಅರ್ಧಕ್ಕ ಬಿಡಬಾರದು."

ಆ ಶಬ್ದಕ್ಕೆ ಹಾಗೊಂದು ಅರ್ಥ ಯಾವ ವಿಮರ್ಶಕನೂ ಬರೆದಿರಲಿಲ್ಲ. ಬೆಳಿಗ್ಗೆ ಬೀದರ್ ಬಸ್‌ಸ್ಟ್ಯಾಂಡಿನಲ್ಲಿ ಆ ಉದ್ದನೆಯ ಕರಿ ಚೀಲವನ್ನು ನಾನು ತಲೆಯ ಕಡೆ, ಅವರು ಕಾಲಿನ ಕಡೆ ಹಿಡಿದು ಬಾಗಿಲಿಗೆ ತಂದಾಗ ಕಂಡಕ್ಟರು ಹಿಂದೆ ಸರಿದ.

"ಏನ್ರಿ ಅದು? ಹೆಣಾ ಗಿಣಾ ಏನು?"

"ಜೀವಂತ ಅದ. ಹಾಡ್ತದ" ಎಂದರು ಬಾಯಿಯವರು. "ಟಿಕೆಟ್ ಹರೀರಿ."

"ಲಗೇಜ್ ಹರೀಲಿ?"

"ಲಗೇಜ್ ಯಾಕ? ಫುಲ್ ಹರೀರಿ. ಇದಕ್ಕ ಕಿಟಕಿ ಬಾಜೂ ಜಾಗಾ ಬೇಕು."

ಜನವಾಡದಲ್ಲಿ ಹತ್ತಿದ ಹೆಂಗಸರು ಬುಟ್ಟಿ ಇಟ್ಟುಕೊಂಡು ಚೀಲದ ಮೈ ಸವರಿ ನೋಡಿದರು. ಬಾಯಿಯವರಿಗೆ ಹುರುಪು ಮರಳಿ ಬಂತು. ಬಸ್ಸು ಗುಂಡಿಯಲ್ಲಿ ಎಗರಿದಾಗಲೆಲ್ಲ ಚೀಲಕ್ಕೆ ಕಿವಿ ಹಚ್ಚಿ ಕೇಳುವರು, ಒಳಗೆ ಏನಾದರೂ ಸಡಿಲಾಯಿತೇ ಎಂದು. ಊರು ಬರುವ ಹೊತ್ತಿಗೆ ಬಸ್ಸಿನ ಅರ್ಧ ಜನ ಕಿವಿ ಹಚ್ಚಿದ್ದರು. "ಪಾಸು" ಎಂದು ಇಳಿದರು.

ನಮ್ಮ ಪಡಸಾಲೆಯಲ್ಲಿ ಸ್ಟ್ಯಾಂಡು ಇಲ್ಲ. ತೊಗರಿ ಚೀಲ ಎರಡು ಆಚೆ, ಎರಡು ಈಚೆ ಪೇರಿಸಿ ಮೇಲೆ ಪಿಯಾನೊ ಮಲಗಿಸಿದೆವು. ಕೂಸನ್ನು ತೊಟ್ಟಿಲಿಗೆ ಹಾಕುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಬ್ಯಾಟರಿ ಇದೆಯಲ್ಲ ಎಂದು ನಾನು ಎದೆ ಉಬ್ಬಿಸಿ ಗುಂಡಿ ಒತ್ತಿದೆ. ಫ್ಯಾನಿಲ್ಲದ ಆ ಸೆಕೆಯಲ್ಲಿ ದನಿ ಇನ್ನೂ ಸ್ಪಷ್ಟವಾಗಿ ಕೇಳಿತು. ಅವ್ವ ಜೋಗುಳ ಎತ್ತಿಕೊಂಡಳು. ಬಾಯಿಯವರು ಅವಳ ಸ್ವರ ಹುಡುಕಿ ಒಂದು ಬಿಳಿ ಮನೆ ಒತ್ತಿದರು. ಕೂಡಲಿಲ್ಲ. ಪಕ್ಕದ ಕಪ್ಪು ಒತ್ತಿದರು. ಅದೂ ಕೂಡಲಿಲ್ಲ.

"ಅಕ್ಕಾ, ನೀವು ಎರಡು ಮನಿ ನಡುವ ಕೂತೀರಿ!" ಎಂದು ಕೂಗಿದರು.

ಅವ್ವ ಹಾಡು ನಿಲ್ಲಿಸಿ ಸುತ್ತ ನೋಡಿದಳು. "ಇಲ್ಲರೆವ್ವ, ನಾ ನಮ್ಮ ಮನ್ಯಾಗೇ ಕೂತೇನಿ. ಬಾಜೂ ಮನಿಯವ್ರ ಗ್ವಾಡಿ ನೋಡ್ರಿ, ಅಲ್ಲಿ ಅದ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಕೂಸು ಎಚ್ಚರಾಗಿ ಅಳಲು ಶುರು ಮಾಡಿತು. ಆ ಗದ್ದಲದಲ್ಲಿ ನನಗೆ ಫಕ್ಕನೆ ಹೊಳೆಯಿತು. ಇದರ ಶ್ರುತಿಯನ್ನು ಕೂದಲು ಕೂದಲಾಗಿ ಇಳಿಸುವ, ಏರಿಸುವ ಸೌಲಭ್ಯವಿದೆ ಎಂದು ಓದಿದ್ದೆ. ಯಾರಿಗೂ ಬೇಕಾಗುವುದಿಲ್ಲ ಎಂದೂ ಅಲ್ಲೇ ಬರೆದಿತ್ತು, ನಾನದನ್ನು ನಂಬಿ ಮರೆತಿದ್ದೆ. ಗುಂಡಿಗಳನ್ನು ತಡಕಿದೆ, ತಪ್ಪಿದೆ, ಒಮ್ಮೆ ಪಿಯಾನೊ ಪಿಟೀಲಾಯಿತು, ಒಮ್ಮೆ ಗಂಟೆಯಾಯಿತು. ಕೊನೆಗೆ ಸಿಕ್ಕಿತು!

"ಅವ್ವ, ಹಾಡು! ನಿಲ್ಲಿಸಬ್ಯಾಡ!"

ಅವಳು ಹಾಡಿದಳು, ಬಾಯಿಯವರು ಒಂದು ಸ್ವರ ಒತ್ತಿ ಹಿಡಿದರು, ನಾನು ಇಳಿಸುತ್ತಾ ಹೋದೆ. ಎರಡು ದನಿ ಹತ್ತಿರ ಹತ್ತಿರ ಬಂದವು, ಉಜ್ಜಿದವು, ಮತ್ತೆ ಒಂದಾಗಿಬಿಟ್ಟವು. ಯಾವುದು ಅವ್ವ, ಯಾವುದು ಪಿಯಾನೊ ತಿಳಿಯದ ಹಾಗೆ. ಕೂಸು ಕೂಡ ಅಳು ನಿಲ್ಲಿಸಿತು ಎಂದು ನಾನು ಇಂದಿಗೂ ಹೇಳುತ್ತೇನೆ, ನನ್ನ ಹೆಂಡತಿ ಒಪ್ಪುವುದಿಲ್ಲ.

ಬಾಯಿಯವರು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. "ಇಳೀತದ? ಇದು ಹೀಂಗ ಹನಿಹನಿ ಇಳೀತದ?"

"ಇಳೀತದ್ರಿ ಬಾಯಿ! ಎಷ್ಟು ಬೇಕಷ್ಟು!"

"ಹಂಗಾರ ಹುಚ್ಚಿ ನಾನೇ" ಎಂದವರೇ ಹಣೆ ಹಣೆ ಬಡಿದುಕೊಂಡು ನಕ್ಕರು. ಆಗ ಅವರಿಗೆ ನೆನಪಾಯಿತು. ಅವರಿನ್ನೂ ಹೊಸದಾಗಿ ಬೆಂಚು ಹತ್ತಿದ ಕಾಲದಲ್ಲಿ ಕಾಲಪೇಟಿಯ ಒಂದು ಸ್ವರ ಸವೆದು ಕೆಳಗಿಳಿದಿತ್ತಂತೆ. ರಿಪೇರಿಗೆಂದು ಊರೂರು ತಿರುಗುವ ಒಬ್ಬ ಮನುಷ್ಯ ಬಂದ. ಕೆಟ್ಟ ಒಂದನ್ನು ಮೇಲೆತ್ತುವ ಬದಲು ಒಳ್ಳೆಯವನ್ನೆಲ್ಲ ಕೆರೆದು ಕೆರೆದು ಅದರ ಮಟ್ಟಕ್ಕೆ ಇಳಿಸಿ, ನಮಸ್ಕಾರ ಮಾಡಿ ಹೋದ. ಪೇಟಿ ಒಳಗೊಳಗೆ ಹೊಂದಿಕೊಂಡಿತ್ತು, ಹೀಗಾಗಿ ಯಾರಿಗೂ ಗೊತ್ತಾಗಲಿಲ್ಲ. ಅಲ್ಲಿಂದ ಇಡೀ ಸಭೆ ಜಗತ್ತಿಗಿಂತ ಒಂದೂವರೆ ಮನೆ ಕೆಳಗೆ ನಿಂತು ದೇವರನ್ನು ಸ್ತುತಿಸುತ್ತಾ ಬಂದಿತ್ತು. ಅಲ್ಲೇ ಹುಟ್ಟಿ ಬೆಳೆದವರಿಗೆ ಅದೇ ಸ್ವರ, ಜಗತ್ತೇ ತಪ್ಪು.

"ನಿಮ್ಮ ಫೋನ್ ಖರೇ ಹೇಳಿತ್ತರಿ. ಮಾಫಿ ಕೇಳ್ತೇನಿ ಅದಕ್ಕ" ಎಂದರು. ನಂತರ ಕಣ್ಣು ಮುಚ್ಚಿ ಕಾಲಪೇಟಿಯ ಸ್ವರವನ್ನು ಗಂಟಲಿನಿಂದ ತೆಗೆದರು, ಇಷ್ಟು ವರ್ಷ ಕೇಳಿದ್ದು ಅಲ್ಲಿ ಕೂತಿತ್ತು. ನಾನು ಅದಕ್ಕೆ ಪಿಯಾನೊ ಇಳಿಸಿದೆ. "ಹುಂ... ಹುಂ... ಜರಾ ಇನ್ನ... ನಿಲ್ಲ್ರಿ!" ತೊಗರಿ ಚೀಲದ ಮೇಲೆ ನಮ್ಮ ಮನೆಯ ಕತ್ತಲಲ್ಲಿ ಬೀದರಿನ ಕಾಲಪೇಟಿ ಮತ್ತೆ ಮಾತಾಡಿತು. ಬಾಯಿಯವರು ಎದ್ದು ಅಲ್ಲೇ ಒಂದು ಸುತ್ತು ತಿರುಗಿದರು. ಕೂಸಿನ ಹೆಸರು ಕೂಗುವುದನ್ನೇ ಎಲ್ಲರೂ ಮರೆತಿದ್ದರು, ಅಣ್ಣ ಬಂದು ಬೈದ.

ಭಾನುವಾರ ಚರ್ಚು ತುಂಬಿತ್ತು. ನಾನು ಬೆಳಿಗ್ಗೆಯೇ ಹೋಗಿ ಶ್ರುತಿ ಇಳಿಸಿಟ್ಟೆ. ಪಿಯಾನೊ ಬಂದ್ ಮಾಡಿದರೆ ಇದನ್ನು ಮರೆತು ಮತ್ತೆ ಜಗತ್ತಿನ ಸ್ವರಕ್ಕೆ ಹೋಗಿಬಿಡುತ್ತದೆ, ಪ್ರತಿ ಸಲ ಇಳಿಸಬೇಕು. ಬಾಯಿಯವರು ಬಳೆ ತೆಗೆದಿಟ್ಟು ಮೊದಲ ಸಾಲು ಬಾರಿಸಿದರು. ಜನ ಎದ್ದು ನಿಂತು ಎತ್ತಿಕೊಂಡರು ನೋಡಿ, ಮಾಡಿನ ಪಾರಿವಾಳಗಳು ಹಾರಿದವು. ಎಲ್ಲರಿಗಿಂತ ದೊಡ್ಡ ದನಿ ಸೆಕ್ರೆಟರಿ ಸಾಹೇಬರದು. ಗೀತೆ ಮುಗಿದ ಮೇಲೂ ಅವರು ಒಂದು ಸಾಲು ಹೆಚ್ಚಿಗೆ ಹಾಡಿದರು.

ಆರಾಧನೆ ಮುಗಿದಾಗ ಅವರೇ ಎದ್ದರು. "ಪೇಟಿ ನಮ್ಮದೇ, ಒಪ್ಪಿದೆ. ಆದ್ರ ನನ್ನ ಸವಾಲು ಹಂಗೇ ಉಳದದ. ಬಾಯಿ ಹಿಂದ ಯಾರು?"

ಬಾಯಿಯವರು ಹಿಂದಿನ ಸಾಲಿಗೆ ತಿರುಗಿ ಒಂದೇ ಸಲ ಕರೆದರು, "ಕರುಣಾ." ಹುಡುಗಿ ಎದ್ದು ಬಂದಳು, ಮುಖ ಬಿಳಿಚಿಕೊಂಡಿತ್ತು. ಅವಳು ಈವರೆಗೆ ದನಿಯಿರುವ ಪೇಟಿಯನ್ನು ಮುಟ್ಟಿಯೇ ಇರಲಿಲ್ಲ! ಕೂತಳು, ಕಣ್ಣು ಮುಚ್ಚಿದಳು, ಬಾರಿಸಿದಳು. ಮೊದಲ ಸ್ವರ ಕಿವಿಗೆ ಬಿದ್ದಾಗ ಅವಳೇ ಬೆಚ್ಚಿದಳು, ತನ್ನ ಬೆರಳಿನಿಂದ ಬಂತೇ ಎಂದು. ಆಮೇಲೆ ನಿಲ್ಲಲಿಲ್ಲ. ಒಂದೆರಡು ಕಡೆ ತಪ್ಪಿದಳು, ತಪ್ಪಿದಲ್ಲೆಲ್ಲ ಬಾಯಿಯವರು ಅಭ್ಯಾಸಬಲದಿಂದ ಮುಖ ಹಿಂಡಿದರು. ಮುಗಿದಾಗ ಸೆಕ್ರೆಟರಿ ಸಾಹೇಬರು ಜೇಬಿನಿಂದ ಪೆನ್‌ಡ್ರೈವು ತೆಗೆದು ತಮ್ಮ ಮೊಮ್ಮಗಳ ಕೈಗೆ ಕೊಟ್ಟರು, ಆಟವಾಡಲು.

"ಹ್ಯಾಂಗ ಬಾಯಿ? ಪಾಸಾ?" ಎಂದು ನಾನು ಕೇಳಿದೆ, ಪಿಯಾನೊ ತೋರಿಸಿ.

"ಪೇಟಿ ಪಾಸು."

"ಹುಡುಗಿ?"

"ನೋಡೋಣು" ಎಂದು ಬಳೆ ತೊಟ್ಟರು.

ಬಾಯಿಯವರು ಬಾರಿಸುವುದು, ಕರುಣಾ ಕಲಿಯುವುದು, ಹೀಗೆ ಕೆಲವು ವರ್ಷ ನಡೆಯಿತು. ಬಾಯಿಯವರ ಬೆರಳ ಗೆಣ್ಣುಗಳು ಊದಿಕೊಂಡವು, ಬಳೆ ತೆಗೆಯುವುದೇ ಕಷ್ಟವಾಯಿತು. ಭಾಲ್ಕಿಯ ತಂಗಿ ಕರೆಯುತ್ತಲೇ ಇದ್ದಳು. ಒಂದು ದಿನ, ಬರುವ ಭಾನುವಾರ ನಾನು ಕೆಳಗೆ ಕೂರುತ್ತೇನೆ ಎಂದುಬಿಟ್ಟರು. ಅಂದು ನನ್ನನ್ನೂ ಕರೆದರು. ಮೂರನೆಯ ಸಾಲಿನಲ್ಲಿ ಅವರ ಪಕ್ಕದಲ್ಲೇ ಕೂತೆ. ಎಷ್ಟೋ ವರ್ಷಗಳ ಮೇಲೆ ಜನರ ಬೆಂಚಿನಲ್ಲಿ ಕೂತ ಬಾಯಿಯವರು ಕಾಲು ಎಲ್ಲಿಡಬೇಕು ತಿಳಿಯದೆ ನೆಲ ತುಳಿಯುತ್ತಿದ್ದರು.

ಕರುಣಾ ಬಂದಳು, ಗುಂಡಿ ಒತ್ತಿದಳು, ಕೈಯ ಗಡಿಯಾರ ಬಿಚ್ಚಿ ಪಿಯಾನೊದ ಮೇಲಿಟ್ಟಳು. ಮತ್ತು ನೇರವಾಗಿ ಬಾರಿಸಲು ಶುರು ಮಾಡಿದಳು. ನನಗೆ ಜೀವ ಹೋಯಿತು. ಅವಳು ಶ್ರುತಿ ಇಳಿಸಿರಲಿಲ್ಲ! ಮೊದಲ ಸಾಲೇ ಮೇಲಿನಿಂದ ಬಂತು. ಹಿರಿಯರು ತಡವರಿಸಿದರು. ಸೆಕ್ರೆಟರಿ ಸಾಹೇಬರು ಪೂರ್ತಿ ಹಿಂತಿರುಗಿ ಬಾಯಿಯವರ ಮುಖ ನೋಡಿದರು. ಅವರ ಹಿಂದೆಯೇ ಹತ್ತಾರು ಮುಖಗಳು ತಿರುಗಿದವು. ಬಾಯಿಯವರು ಕೈ ಎತ್ತಿದರೆ ಸಾಕು, ಹಾಡು ನಿಲ್ಲುತ್ತಿತ್ತು.

ಅವರು ಕೈ ಎತ್ತಲಿಲ್ಲ. ತಲೆ ಓರೆ ಮಾಡಿ ಕೇಳುತ್ತಿದ್ದರು. ನಾನೂ ಕೇಳಿದೆ. ಮುಂದಿನ ಸಾಲಿನಲ್ಲಿ ಸಂಡೇ ಸ್ಕೂಲಿನ ಹುಡುಗಿಯರು ಹಾಡುತ್ತಿದ್ದರು. ಇಷ್ಟು ವರ್ಷ ಅವರ ದನಿ ಇದೆ ಎಂದೇ ನನಗೆ ಗೊತ್ತಿರಲಿಲ್ಲ, ಅದು ಈಗ ಎಲ್ಲರ ಮೇಲೆ ತೇಲಿ ಕಿಟಕಿ ದಾಟಿ ಹೋಗುತ್ತಿತ್ತು. ಬಾಯಿಯವರು ಬೆಂಚು ಹಿಡಿದುಕೊಂಡು ಎದ್ದರು. ಗಂಟಲು ಸರಿಮಾಡಿಕೊಂಡು ಆ ಎತ್ತರದ ಸ್ವರಕ್ಕೆ ಹಾರಿದರು. ದನಿ ಒಡೆಯಿತು, ಮತ್ತೆ ಹಾರಿದರು, ಹತ್ತಿತು. ಅವರು ಹತ್ತಿದ್ದು ಕಂಡು ಸಾಹೇಬರೂ ಕುತ್ತಿಗೆ ಚಾಚಿದರು. ನನಗೆ ಆ ಗೀತೆಯ ಒಂದು ಸಾಲೂ ಬಾರದು, ಆದರೂ ಕೂಗಿದೆ.

ಹೊರಗೆ ಬಂದಾಗ ಕರುಣಾ ಎದುರಿಗೆ ಬಂದು ನಿಂತಳು.

"ಇಳಸೋದು ಮರ್ತಿದ್ದಿ ಏನು?" ಎಂದರು ಬಾಯಿಯವರು, ಸಾಲೆಯ ದನಿಯಲ್ಲಿ.

"ಇಲ್ಲರಿ ಬಾಯಿ. ಸಣ್ಣ ಹುಡುಗ್ಯಾರದು ಕೆಳಗ ಆವಾಜೇ ಹೊರಡ್ತಿದ್ದಿಲ್ಲರಿ. ಎಷ್ಟೋ ದಿನದಿಂದ ನೋಡ್ಲಕತ್ತಿದ್ದೆ. ನೀವು ಕೂತಾಗ ಕೇಳೋ ಧೈರ್ಯ ಆಗಲಿಲ್ಲ." ಅವಳ ಕಣ್ಣು ತುಂಬಿತ್ತು. "ತಪ್ಪಾಗಿದ್ರ ಮುಂದಿನ ವಾರ ಇಳಸ್ತೇನಿ."

"ಮರ್ತಿದ್ರ ನಪಾಸ ಮಾಡ್ತಿದ್ದೆ" ಎಂದರು ಬಾಯಿಯವರು. ಊದಿದ ಗೆಣ್ಣಿನಿಂದ ಬಳೆಯನ್ನು ಮೆಲ್ಲಗೆ ಎಳೆದು ತೆಗೆದು ಅವಳ ಕೈಗೆ ತೊಡಿಸಿದರು. ನಂತರ ಪಕ್ಕದಲ್ಲಿ ನಿಂತಿದ್ದ ನನ್ನ ಕಡೆ ತಿರುಗಿದರು, ಓಣಿಗೆಲ್ಲ ಕೇಳುವ ಹಾಗೆ ನಗುತ್ತಾ.

"ನೋಡಿದ್ರೇನ್ರಿ ಮಾಸ್ತರ? ಇಕಿ ನನ್ನನ್ನ ಮುಂದಿನ ಕ್ಲಾಸಿಗೆ ಹಾಕಿದ್ಲು!"